ಜರ್ಮನ್ ಕಲಿಸುವಾಗ ಕ್ರಿಯಾಪದ ಕೊನೆಗೇ ಓಡುತ್ತದೆ, ಏನು ಮಾಡುವುದು?

ಪ್ರಶ್ನೆ: ಕಾಸರಗೋಡಿನಲ್ಲಿ ನರ್ಸಿಂಗ್ ಮುಗಿಸಿದ 8 ಮಂದಿಗೆ ಎ1 ಹಂತದ, ಅಂದರೆ ತೀರಾ ಆರಂಭದ, ಜರ್ಮನ್ ಪಾಠ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ವ್ಯಾಕರಣದ ಕೋಷ್ಟಕ ಬಾಯಿಪಾಠ ಬರುತ್ತದೆ, ಮಾತಾಡುವಾಗ ವಾಕ್ಯ ತಪ್ಪುತ್ತದೆ. ಅನುವಾದ ಪದ್ಧತಿ ಬಿಡಬೇಕೇ?

ಉತ್ತರ 1: ಪೂರ್ತಿ ಬಿಡಬೇಡಿ ಟೀಚರೇ, ಅರ್ಥ ಹೇಳಲು ಕನ್ನಡ ಬೇಕು. ವಾಕ್ಯ ಕಟ್ಟಲು ಮಾತ್ರ ಬೇಡ. ಪದಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ, ಕ್ರಿಯಾಪದಕ್ಕೆ ಕೆಂಪು ಚೀಟಿ. ಸರಳ ವಾಕ್ಯದಲ್ಲಿ ಅದು ಎರಡನೇ ಜಾಗದಿಂದ ಕದಲಬಾರದು, ಉಳಿದವು ಸುತ್ತ ತಿರುಗಲಿ: ‘ಇಶ್ ಆರ್ಬೈಟೆ ಹೊಯ್ಟೆ’, ‘ಹೊಯ್ಟೆ ಆರ್ಬೈಟೆ ಇಶ್’ (ಎರಡಕ್ಕೂ ಅರ್ಥ ‘ನಾನು ಇವತ್ತು ಕೆಲಸ ಮಾಡುತ್ತೇನೆ’). ದಿನಾ 10 ನಿಮಿಷ, ಕೈಯಿಂದ ಜೋಡಿಸುತ್ತಾ ಗಟ್ಟಿಯಾಗಿ ಹೇಳಿಸಿ. ‘ವೈಲ್ ಇಶ್ ಕ್ರಾಂಕ್ ಬಿನ್’ (ಏಕೆಂದರೆ ನನಗೆ ಹುಷಾರಿಲ್ಲ) ಎಂಬಂಥ ಉಪವಾಕ್ಯದಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುತ್ತದೆ. ಸುಲಭವೆಂದು ಅದನ್ನು ಮೊದಲೇ ಕಲಿಸಿದರೆ ಹಳೇ ಅಭ್ಯಾಸವೇ ಗಟ್ಟಿಯಾಗುತ್ತದೆ.

ಉತ್ತರ 2: ಲಿಂಗವನ್ನೂ ಈಗಲೇ ನೋಡಿಕೊಳ್ಳಿ. ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ. ಜರ್ಮನ್‌ನಲ್ಲಿ ಹುಡುಗಿ, ‘ಮೇಡ್ಶೆನ್’, ನಪುಂಸಕ. ಮೇಜಿಗೆ ಬರೀ ‘ಟಿಶ್’ ಎಂದಲ್ಲ, ಲಿಂಗ ತೋರಿಸುವ ‘ಡೇರ್’ ಸೇರಿಸಿ ‘ಡೇರ್ ಟಿಶ್’ ಎಂದೇ ಬರೆಸಿ. 1, 3, 7ನೇ ದಿನ ಮತ್ತೆ ಕೇಳಿ.

ಉತ್ತರ 3: ಉಚ್ಚಾರ: ಎರಡು ಚುಕ್ಕಿಯ ‘ಯು’ಗೆ ‘ಈ’ ಎನ್ನಲಿ, ನಾಲಗೆ ಅಲ್ಲೇ ಇರಲಿ, ತುಟಿ ಮಾತ್ರ ‘ಊ’ ಆಗಲಿ. ಕನ್ನಡ ಲಿಪಿಯ ಟಿಪ್ಪಣಿ ಬೇಗ ನಿಲ್ಲಿಸಿ. ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ.