ಪರ್ಸೆಪೊಲಿಸ್ ನೋಡಲು ಒಂದು ದಿನ ಸಾಕೆ? ಪಸರ್ಗಡೆಗೂ ಹೋಗಬೇಕೆ?

ಪ್ರಶ್ನೆ – ಸಂಚಾರಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ಮೇಷ್ಟ್ರು. ಇರಾನಿನಲ್ಲಿರುವ, ಪ್ರಾಚೀನ ಪರ್ಷಿಯಾದ ಅಕೆಮೆನಿಡ್ ಸಾಮ್ರಾಜ್ಯದ ಅವಶೇಷಗಳನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಪರಿಸ್ಥಿತಿ ಅನುಕೂಲವಾದಾಗ ವಯಸ್ಸಾದ ತಾಯಿಯವರೊಂದಿಗೆ ಹೋಗಿ, ಶಿರಾಜ್‌ನಲ್ಲಿ ಕೆಲವು ದಿನ ಉಳಿಯುವ ಯೋಚನೆಯಿದೆ. ಅರಮನೆಗಳಿರುವ ಪರ್ಸೆಪೊಲಿಸ್, ಬಂಡೆಯಲ್ಲಿ ಕೊರೆದ ರಾಜಸಮಾಧಿಗಳಿರುವ ನಕ್ಷ್-ಎ-ರೊಸ್ತಮ್ ಮತ್ತು ಸೈರಸ್ ಅರಸನ ಸಮಾಧಿಯಿರುವ ಪಸರ್ಗಡೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದೆಂದು ಪ್ರವಾಸ ಏರ್ಪಡಿಸುವವರು ಹೇಳುತ್ತಿದ್ದಾರೆ. ಪಸರ್ಗಡೆಯಲ್ಲಿ ಒಂದು ಸಮಾಧಿಯ ಹೊರತು ಹೆಚ್ಚೇನೂ ಉಳಿದಿಲ್ಲವೆಂದೂ ಕೇಳಿದ್ದೇನೆ. ಅದನ್ನು ಬಿಟ್ಟು ಪರ್ಸೆಪೊಲಿಸ್‌ಗೇ ಹೆಚ್ಚು ಸಮಯ ಕೊಡುವುದು ಸರಿಯೇ? ತಾಯಿಯವರು ಅಲ್ಲಿನ ಮೆಟ್ಟಿಲು ಹತ್ತಬಲ್ಲರೇ?

ಉತ್ತರ – ಶಾಸನಾಸಕ್ತ

ಮೇಷ್ಟ್ರೇ, ನಮಸ್ಕಾರ. ಮೊದಲು ಮೆಟ್ಟಿಲಿನ ಮಾತು. ಪರ್ಸೆಪೊಲಿಸ್ ಅರಮನೆಗಳಿರುವ ಎತ್ತರದ ವೇದಿಕೆಗೆ ಹೋಗುವ ಜೋಡಿ ಸೋಪಾನದಲ್ಲಿ ಎರಡೂ ಕಡೆ 111 ಮೆಟ್ಟಿಲುಗಳಿದ್ದರೂ, ಪ್ರತಿಯೊಂದರ ಎತ್ತರ ಸುಮಾರು 10 ಸೆಂಟಿಮೀಟರ್ ಮಾತ್ರ. ಅಲ್ಲಲ್ಲಿ ನಿಂತು ಹತ್ತಿದರೆ ನಿಮ್ಮ ತಾಯಿಯವರಿಗೆ ಕಷ್ಟವಾಗಲಾರದು; ಮೇಲೆ ಹೋದ ಮೇಲಿನ ಬಿಸಿಲೇ ಹೆಚ್ಚು ದಣಿಸುತ್ತದೆ.

ಮೂರನ್ನೂ ಒಂದೇ ದಿನದಲ್ಲಿ ನೋಡುವ ಯೋಜನೆಯನ್ನು ದಯವಿಟ್ಟು ಒಪ್ಪಬೇಡಿ. ಕ್ರಿ.ಪೂ. 518ರ ಸುಮಾರಿಗೆ ಒಂದನೆಯ ಡೇರಿಯಸ್ ಕಟ್ಟಲಾರಂಭಿಸಿ, ಅವನ ಮಗ ಕ್ಸರ್ಕ್ಸಸ್ ಮತ್ತು ನಂತರದವರು ಮುಂದುವರಿಸಿ, ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಕಾಲದಲ್ಲಿ ಬೆಂಕಿಗೆ ಆಹುತಿಯಾದ ಈ ಅರಮನೆಗಳ ಸಮೂಹಕ್ಕೆ ಬಂದವರಲ್ಲಿ ಹೆಚ್ಚಿನವರು, ಕ್ಸರ್ಕ್ಸಸನ ಹೆಬ್ಬಾಗಿಲಿನ ರೆಕ್ಕೆಯ ಗೂಳಿಗಳ ಮುಂದೆ ಛಾಯಾಚಿತ್ರ ತೆಗೆಸಿಕೊಂಡು, ಅಪದಾನ ಎಂಬ ಸಭಾಮಂಟಪದ 72 ಕಂಬಗಳಲ್ಲಿ ಇಂದಿಗೂ ನಿಂತಿರುವ 13ನ್ನು ದೂರದಿಂದ ನೋಡಿ ಹೊರಟುಬಿಡುತ್ತಾರೆ. ನೀವು ಮಾತ್ರ ಅದೇ ಮಂಟಪದ ಪೂರ್ವದ ಸೋಪಾನದ ಮುಂದೆ ನಿಧಾನವಾಗಿ ನಿಲ್ಲಬೇಕೆಂದು ನನ್ನ ಕೋರಿಕೆ. ಉತ್ತರದ ಸೋಪಾನ ಶತಮಾನಗಳ ಕಾಲ ಗಾಳಿಮಳೆಗೆ ಒಡ್ಡಿಕೊಂಡು ಸವೆದಿದೆ. ಪೂರ್ವದ್ದು 1930ರ ದಶಕದ ಆರಂಭದಲ್ಲಿ ಜರ್ಮನ್ ಪುರಾತತ್ವಜ್ಞ ಅರ್ನ್ಸ್ಟ್ ಹರ್ಟ್ಸ್‌ಫೆಲ್ಡ್ ಅಗೆಸುವವರೆಗೂ ಮಣ್ಣಿನಡಿಯಲ್ಲಿ ಹುದುಗಿದ್ದುದರಿಂದ ಅಲ್ಲಿ ಗಡ್ಡದ ಸುರುಳಿಗಳನ್ನೂ ಒಂದೊಂದಾಗಿ ಗುರುತಿಸಬಹುದು.

ಆ ಗೋಡೆಯ ಮೇಲೆ ಕಾಣಿಕೆ ತರುವ 23 ನಿಯೋಗಗಳಿವೆ. ಪ್ರತಿ ನಿಯೋಗದ ಮುಖಂಡನನ್ನೂ ಒಬ್ಬ ಅಧಿಕಾರಿ ಕೈಹಿಡಿದು ಕರೆದೊಯ್ಯುತ್ತಿದ್ದಾನೆ. ಇವುಗಳಲ್ಲಿ ಸಿಂಧೂ ಪ್ರದೇಶದವರನ್ನು, ಎಂದರೆ ಶಾಸನಗಳು ಹಿಂದುಷ್ ಎನ್ನುವ ಪ್ರಾಂತದವರನ್ನು, ತಪ್ಪದೆ ಹುಡುಕಿ. ಸೊಂಟಕ್ಕೆ ಬಟ್ಟೆ ಸುತ್ತಿದ ಬರಿಮೈಯ ಆಳೊಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ. ಅಡ್ಡೆಯ ಎರಡು ತುದಿಗಳಲ್ಲೂ ಬುಟ್ಟಿ, ಬುಟ್ಟಿಯೊಳಗೆ ಸಣ್ಣ ಪಾತ್ರೆಗಳು. ಹಿಂದೆ ಒಂದು ಕತ್ತೆ, ಕೊಡಲಿ ಹಿಡಿದ ಇನ್ನೊಬ್ಬ. ಭಾರತೀಯರು 360 ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಚಿನ್ನದ ಪುಡಿಯನ್ನು ಕಪ್ಪವಾಗಿ ಕೊಡುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿರುವುದರಿಂದ, ಆ ಪಾತ್ರೆಗಳಲ್ಲಿರುವುದು ಚಿನ್ನದ ಪುಡಿಯೇ ಎಂದು ವಿದ್ವಾಂಸರು ಊಹಿಸುತ್ತಾರೆ. ಇಲ್ಲೇ ದೊರೆತ, ಪ್ರಾಚೀನ ಇರಾನಿನ ಎಲಮೈಟ್ ಭಾಷೆಯ ಮಣ್ಣಿನ ಹಲಗೆಗಳಲ್ಲಿ ಹಿಂದುಷ್‌ನಿಂದ ಬಂದ ಪ್ರಯಾಣಿಕರಿಗೆ ಪಡಿ ಅಳೆದುಕೊಟ್ಟ ಲೆಕ್ಕವಿದೆ. ಕೆಲಸಗಾರರಲ್ಲಿ ಬಾಣಂತಿಯರಿಗೆ ಹೆಚ್ಚುವರಿ ಪಡಿ ಕೊಟ್ಟ ಲೆಕ್ಕವೂ ಇದೆ. ಮಕ್ಕಳಿಗೆ ಪಾಠ ಹೇಳುವಾಗ ಯುದ್ಧಗಳ ಪಟ್ಟಿಗಿಂತ ಇದನ್ನು ಹೇಳುವುದೇ ಮೇಲೆಂದು ನನಗೆ ತೋರುತ್ತದೆ.

ಸೂರ್ಯ ಇನ್ನೂ ಪೂರ್ವದಲ್ಲಿರುವಾಗಲೇ ಅಲ್ಲಿಗೆ ತಲುಪಿ. ಆರೇಳು ಕಿಲೋಮೀಟರ್ ದೂರದ ನಕ್ಷ್-ಎ-ರೊಸ್ತಮ್ ಅನ್ನು ಅದೇ ದಿನ ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ.

ಉತ್ತರ – ಹಳೆಗಲ್ಲು

ಶಾಸನಾಸಕ್ತರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಪಸರ್ಗಡೆಯನ್ನು ಬಿಡಬೇಡಿ. ಶಿರಾಜ್‌ನಿಂದ ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ ಇನ್ನೊಂದು ದಿನವನ್ನೇ ಮೀಸಲಿಡಿ. ಆರು ಹಂತಗಳ ಪೀಠದ ಮೇಲೆ ಇಳಿಜಾರು ಚಾವಣಿಯ ಒಂದು ಪುಟ್ಟ ಕೋಣೆ, ಅಷ್ಟೇ ಅಕೆಮೆನಿಡ್ ಸಾಮ್ರಾಜ್ಯ ಕಟ್ಟಿದ ಸೈರಸನ ಸಮಾಧಿ. ಹತ್ತಿರ ಹೋಗಿ ಕಲ್ಲುಗಳ ಸಂದುಗಳನ್ನು ಗಮನಿಸಿ: ಬಂಡೆಗಳನ್ನು ಬೆಸೆದಿದ್ದ ಲೋಹದ ಪಟ್ಟಿಗಳಿಗಾಗಿ ಮುಂದಿನ ಕಾಲದವರು ಕೊರೆದ ಗುಂಡಿಗಳು ಕಾಣುತ್ತವೆ. ಇಷ್ಟಾದರೂ ಕಟ್ಟಡ ಉಳಿದುಬಂದದ್ದಕ್ಕೆ ಜನರ ನಂಬಿಕೆಯೂ ಒಂದು ಕಾರಣ. ಶತಮಾನಗಳ ಕಾಲ ಸ್ಥಳೀಯರು ಇದನ್ನು ಸೊಲೊಮನ್ನನ ತಾಯಿಯ ಸಮಾಧಿಯೆಂದು ಗೌರವಿಸುತ್ತಿದ್ದರು.

ಸಮಾಧಿಯಿಂದ ದೂರದಲ್ಲಿರುವ ಅರಮನೆಯ ತೋಟದಲ್ಲಿ ಬಿಳಿಯ ಸುಣ್ಣಕಲ್ಲಿನ ಸಣ್ಣ ಕಾಲುವೆಗಳೂ, ನಡುನಡುವೆ ಚೌಕಾಕಾರದ ತೊಟ್ಟಿಗಳೂ ಉಳಿದಿವೆ. ಇಡೀ ಸ್ಥಳ ಬಯಲಿನಲ್ಲಿ ಹರಡಿಕೊಂಡಿದೆ, ನೆರಳು ಕಡಿಮೆ. ಆದ್ದರಿಂದ ತಾಯಿಯವರನ್ನು ಸಮಾಧಿಯವರೆಗೆ ಮಾತ್ರ ಕರೆದೊಯ್ಯುವುದು ಒಳ್ಳೆಯದು.

ಸಂಚಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ. ಇಮ್ಮಡಿ ಪುಲಿಕೇಶಿಗೂ ಪರ್ಷಿಯಾದ ಅರಸನಿಗೂ ರಾಯಭಾರದ ಸಂಬಂಧವಿತ್ತೆಂದು ಓದಿದ್ದೇನೆ. ಅದರ ಕುರುಹು ಇಲ್ಲೇನಾದರೂ ಸಿಗುತ್ತದೆಯೇ?

ಉತ್ತರ – ಶಾಸನಾಸಕ್ತ

ಅದು ಬೇರೆಯೇ ಕಾಲ. ಅರಬ್ ಇತಿಹಾಸಕಾರ ತಬರಿಯ ಬರವಣಿಗೆಯ ಆಧಾರದ ಮೇಲೆ ಪುಲಿಕೇಶಿಯೊಂದಿಗೆ ಸಂಬಂಧ ಕಲ್ಪಿಸುವುದು ಸಸಾನಿಯನ್ ವಂಶದ ಎರಡನೆಯ ಖುಸ್ರೋಗೆ. ಅವನು ಆಳಿದ್ದು ಕ್ರಿ.ಶ. 590ರಿಂದ 628ರವರೆಗೆ, ಅಂದರೆ ಪರ್ಸೆಪೊಲಿಸ್ ಸುಟ್ಟು ಒಂಬೈನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆದರೂ ನಕ್ಷ್-ಎ-ರೊಸ್ತಮ್‌ನಲ್ಲಿ ಈ ಎರಡು ವಂಶಗಳನ್ನೂ ಒಂದೇ ಬಂಡೆಯಲ್ಲಿ ನೋಡಬಹುದು. ಮೇಲೆ ಶಿಲುಬೆಯಾಕಾರದಲ್ಲಿ ಕೊರೆದ ಡೇರಿಯಸ್ ಮೊದಲಾದ ನಾಲ್ವರು ಅಕೆಮೆನಿಡ್ ಅರಸರ ಗುಹಾಸಮಾಧಿಗಳಿವೆ. ಕೆಳಗೆ ರೋಮನ್ ಚಕ್ರವರ್ತಿಗಳ ಮೇಲೆ ಜಯ ಸಾಧಿಸಿದ ಮೊದಲನೆಯ ಶಾಪುರನ ಉಬ್ಬುಶಿಲ್ಪವಿದೆ.

ಉತ್ತರ – ದೂರದಾರಿ

ಕೆಲವು ವ್ಯಾವಹಾರಿಕ ವಿಷಯಗಳನ್ನು ಸೇರಿಸುತ್ತೇನೆ. ಟಿಕೆಟ್ ಕಾಯ್ದಿರಿಸುವ ಮೊದಲು ಭಾರತ ಸರ್ಕಾರದ ಪ್ರಯಾಣ ಸೂಚನೆಯನ್ನೂ ವೀಸಾ ನಿಯಮಗಳನ್ನೂ ರಾಯಭಾರ ಕಚೇರಿಯ ಮೂಲಕವೇ ಖಚಿತಪಡಿಸಿಕೊಳ್ಳಿ. ಇವು ಆಗಾಗ ಬದಲಾಗುತ್ತವೆ. ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ಆದ್ದರಿಂದ ಬೇಕಾದಷ್ಟು ವಿದೇಶಿ ನಗದನ್ನು ಒಯ್ಯಬೇಕು. ನೋಟಿನ ಮೇಲೆ ರಿಯಾಲ್ ಎಂದಿದ್ದರೂ ಅಂಗಡಿಯವರು ಬೆಲೆ ಹೇಳುವುದು ತೋಮಾನ್‌ನಲ್ಲಿ. ಹತ್ತು ರಿಯಾಲಿಗೆ ಒಂದು ತೋಮಾನ್. ಕಾನೂನಿನ ಪ್ರಕಾರ ಮಹಿಳೆಯರು ತಲೆಗೆ ವಸ್ತ್ರ ಹೊದೆಯಬೇಕು. ವಸಂತ ಮತ್ತು ಶರತ್ಕಾಲದ ಹವೆ ಹಿತವಾಗಿರುತ್ತದೆ, ಆದರೆ ಮಾರ್ಚ್ ಕೊನೆಯ ನೌರೂಜ್ (ಇರಾನಿನ ಹೊಸ ವರ್ಷ) ರಜೆಯಲ್ಲಿ ಪರ್ಸೆಪೊಲಿಸ್ ಕಿಕ್ಕಿರಿದಿರುತ್ತದೆ. ಟೆಹ್ರಾನ್ ಮೂಲಕ ಹೋಗುವುದಾದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಮೊದಲೇ ನೋಡಿ. ಅಪದಾನದ ಸೋಪಾನಗಳ ನಡುವೆ ಮೊದಲು ಇದ್ದ ರಾಜದರ್ಶನದ ಎರಡು ಶಿಲ್ಪಗಳಲ್ಲಿ ಒಂದು ಅಲ್ಲಿದೆ; ಇನ್ನೊಂದು ಪರ್ಸೆಪೊಲಿಸ್‌ನ ಖಜಾನೆಯ ಅವಶೇಷಗಳ ನಡುವೆಯೇ ಇದೆ.