ಹಳೆಯ ಚಿಕಿತ್ಸೆಯ ದಾಖಲೆಗಳನ್ನು ಆಸ್ಪತ್ರೆಯವರು ಕೊಡಲು ನಿರಾಕರಿಸಬಹುದೇ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಓದುಗ

ಮಾನ್ಯರೇ,

ನನ್ನ ತಾಯಿಗೆ ಎರಡು ವರ್ಷಗಳ ಹಿಂದೆ ಜಿಲ್ಲೆಯ ಹೊರಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಆಗಿತ್ತು. ಕೆಲವು ವಾರಗಳಿಂದ ಅವರಿಗೆ ಮತ್ತೆ ಹೊಟ್ಟೆನೋವು ಕಾಣಿಸಿಕೊಂಡಿದ್ದು, ಸ್ಕ್ಯಾನಿಂಗ್‌ನಲ್ಲಿ ಸಣ್ಣ ಗಡ್ಡೆಯೊಂದು ಕಂಡಿದೆ. ಈಗ ಮೈಸೂರಿನಲ್ಲಿ ನೋಡುತ್ತಿರುವ ತಜ್ಞ ವೈದ್ಯೆ, ಅಂದು ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದಾರೆಯೇ, ತೆಗೆದ ಭಾಗದ ಬಯಾಪ್ಸಿ ವರದಿಯಲ್ಲಿ ಏನಿತ್ತು ಎಂದು ಕೇಳಿದರು. ನಮ್ಮ ಬಳಿ ಇರುವುದು ಒಂದು ಪುಟದ ಡಿಸ್ಚಾರ್ಜ್ ಸಮ್ಮರಿ ಮಾತ್ರ. ಅದರಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಚೇತರಿಕೆ ತೃಪ್ತಿಕರವಾಗಿದೆ ಎಂಬುದರ ಹೊರತು ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲ.

ಹಳೆಯ ಆಸ್ಪತ್ರೆಗೆ ಹೋಗಿ ವಿಚಾರಿಸಿದಾಗ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಈಗ ಅಲ್ಲಿಲ್ಲ, ಕೇಸ್ ಶೀಟ್ (ಚಿಕಿತ್ಸೆಯ ಪೂರ್ಣ ವಿವರ ಬರೆದ ಫೈಲು) ಆಸ್ಪತ್ರೆಯ ಸ್ವಂತ ದಾಖಲೆಯಾದ್ದರಿಂದ ರೋಗಿಗಳಿಗೆ ಕೊಡುವ ಪದ್ಧತಿಯಿಲ್ಲ ಎಂದು ಕೌಂಟರಿನಲ್ಲೇ ಹೇಳಿ ಕಳುಹಿಸಿದರು. ಇದು ಸರಿಯೇ? ಇದಲ್ಲದೆ, ತಾಯಿಗೆ ಬಹಳ ವರ್ಷ ಬಿಪಿ ಮತ್ತು ಥೈರಾಯ್ಡ್ ಔಷಧ ಬರೆದುಕೊಡುತ್ತಿದ್ದ ನಮ್ಮ ಊರಿನ ವೈದ್ಯರು ಕ್ಲಿನಿಕ್ ಮುಚ್ಚಿ ಮಕ್ಕಳ ಬಳಿ ಹೋಗಿದ್ದಾರೆ. ಅವರಲ್ಲಿದ್ದ ವಿವರಗಳನ್ನು ಪಡೆಯಲು ದಾರಿಯಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿದವರು, ಕುಶಾಲನಗರ

ನಿಮಗೆ ಕೌಂಟರಿನಲ್ಲಿ ಹೇಳಿದ ಮಾತು ಸರಿಯಲ್ಲ. ಫೈಲಿನ ಮೂಲ ಪ್ರತಿಯನ್ನು ಆಸ್ಪತ್ರೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ ನಿಜ, ಆದರೆ ಅದರ ನಕಲನ್ನು ಕೇಳಿ ಪಡೆಯುವ ಹಕ್ಕು ರೋಗಿಗೆ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೇಳಿದಾಗ ಮನವಿಗೆ ಸ್ವೀಕೃತಿ ಕೊಟ್ಟು 72 ಗಂಟೆಗಳೊಳಗೆ ದಾಖಲೆಗಳನ್ನು ನೀಡಬೇಕು. ನಿಮ್ಮ ತಾಯಿಯ ವಿಷಯದಲ್ಲಿ 3 ವರ್ಷ ಇನ್ನೂ ತುಂಬಿಲ್ಲವಾದ್ದರಿಂದ ತಡಮಾಡದೆ ಕೇಳುವುದು ಒಳ್ಳೆಯದು. ಅವಧಿ ಮುಗಿದ ಮೇಲೆ ಸ್ಥಳದ ಅಭಾವ ಹೇಳಿ ಹಳೆಯ ಫೈಲುಗಳನ್ನು ವಿಲೇವಾರಿ ಮಾಡುವ ಆಸ್ಪತ್ರೆಗಳಿವೆ.

ನನ್ನ ಅನುಭವದಲ್ಲಿ ಬಾಯಿಮಾತಿನಲ್ಲಿ ಕೇಳಿದವರಿಗೆ ಫೈಲು ಸಿಕ್ಕಿದ್ದು ಅಪರೂಪ. ರಿಸೆಪ್ಶನ್‌ನಲ್ಲಿ ಕುಳಿತವರಿಗೆ ಅದನ್ನು ಕೊಡುವ ಅಧಿಕಾರವೇ ಇರುವುದಿಲ್ಲ, ಹಾಗಾಗಿ ಇಲ್ಲ ಎಂದುಬಿಡುವುದು ಅವರಿಗೆ ಸುಲಭ. ತಾಯಿಯವರ ಹೆಸರಿನಲ್ಲಿ, ಅವರದೇ ಸಹಿಯೊಂದಿಗೆ, ವೈದ್ಯಕೀಯ ಅಧೀಕ್ಷಕರಿಗೆ ಒಂದು ಪುಟದ ಮನವಿ ಬರೆಯಿರಿ. ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳು, ಡಿಸ್ಚಾರ್ಜ್ ಸಮ್ಮರಿಯ ಮೇಲ್ಭಾಗದಲ್ಲಿರುವ ಐಪಿ ನಂಬರ್ (ಒಳರೋಗಿ ಸಂಖ್ಯೆ), ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರು, ಇಷ್ಟು ಅದರಲ್ಲಿರಲಿ. ನೀವೇ ಹೋಗಿ ತರುವುದಾದರೆ ನಿಮಗೆ ಅಧಿಕಾರ ಕೊಟ್ಟ ಪತ್ರ ಮತ್ತು ಇಬ್ಬರ ಗುರುತಿನ ಚೀಟಿಯ ಜೆರಾಕ್ಸ್ ಬೇಕಾಗುತ್ತದೆ. ಮನವಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸಿ. ಜೆರಾಕ್ಸಿನ ಖರ್ಚು ಕೇಳಿದರೆ ಕೊಟ್ಟು ರಸೀದಿ ಪಡೆಯಿರಿ.

‘ಎಲ್ಲ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಅದೇ ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ ಕೈಗೆ ಬರುವ ಸಂಭವವಿದೆ. ಏನು ಬೇಕೆಂದು ಹೆಸರಿಸಿ ಕೇಳಬೇಕು. ನಿಮ್ಮ ವೈದ್ಯೆ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇರುವುದು ಆಪರೇಷನ್ ನೋಟ್‌ನಲ್ಲಿ. ಹೊಟ್ಟೆ ತೆರೆದಾಗ ಏನು ಕಂಡಿತು, ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬುದನ್ನು ಶಸ್ತ್ರಚಿಕಿತ್ಸಕರು ಅದರಲ್ಲಿ ಬರೆದಿರುತ್ತಾರೆ. ಎರಡನೆಯದಕ್ಕೆ ಹಿಸ್ಟೋಪೆಥಾಲಜಿ ವರದಿ, ಅಂದರೆ ನಿಮ್ಮ ವೈದ್ಯೆ ಹೇಳಿದ ಬಯಾಪ್ಸಿ ವರದಿ ಬೇಕು. ಇವೆರಡರ ಜೊತೆಗೆ ಅರಿವಳಿಕೆಯ ದಾಖಲೆಯನ್ನೂ ಕೇಳಿ ಎಂದು ನನ್ನ ಸಲಹೆ. ಮತ್ತೊಂದು ಶಸ್ತ್ರಚಿಕಿತ್ಸೆ ಅಗತ್ಯವಾದರೆ, ಹಿಂದಿನ ಸಲ ಯಾವ ಔಷಧಕ್ಕೆ ತಾಯಿಯವರ ದೇಹ ಹೇಗೆ ಸ್ಪಂದಿಸಿತು ಎಂಬುದು ಅರಿವಳಿಕೆ ತಜ್ಞರಿಗೆ ಬಹಳ ಮುಖ್ಯವಾಗುತ್ತದೆ.

ಉತ್ತರ 2: ವಕೀಲರು, ಮಡಿಕೇರಿ

ಮೇಲಿನವರು ಹೇಳಿದ 2002ರ ನಿಯಮಗಳು ವೈದ್ಯರಿಗೆ ಅನ್ವಯಿಸುವಂಥವು. ಆಸ್ಪತ್ರೆಯ ಆಡಳಿತದವರು ಇದನ್ನೇ ನೆಪವಾಗಿಸಿಕೊಂಡು ಜಾರಿಕೊಳ್ಳದಂತೆ, ಮನವಿಯನ್ನು ಅಧೀಕ್ಷಕರ ಜೊತೆಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೇರಿಸಿ ಬರೆಯುವುದು ಸೂಕ್ತ. ವೈದ್ಯರು ಕೆಲಸ ಬಿಟ್ಟು ಹೋದ ಮಾತ್ರಕ್ಕೆ ಫೈಲು ಅವರ ಹಿಂದೆ ಹೋಗುವುದಿಲ್ಲ. ಆಸ್ಪತ್ರೆಗಳೂ ಈ ಹೊಣೆಯಿಂದ ಹೊರತಲ್ಲ. ರೋಗಿಗೆ ಅಥವಾ ಹತ್ತಿರದ ಸಂಬಂಧಿಗೆ ಕೇಸ್ ಪೇಪರುಗಳ ನಕಲು ಕೊಡಬೇಕೆಂದು ರಘುನಾಥ್ ರಹೇಜಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1996ರಲ್ಲೇ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ದಾಖಲಾಗಿರುವಾಗ ಸಾಧ್ಯವಾದಷ್ಟು 24 ಗಂಟೆಗಳೊಳಗೆ, ಬಿಡುಗಡೆಯ ನಂತರ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದಿದೆ.

72 ಗಂಟೆ ಕಳೆದರೂ ಉತ್ತರ ಬಾರದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಪ್ರಾಧಿಕಾರವನ್ನೇ ಸಂಪರ್ಕಿಸಬೇಕು. ವೈದ್ಯರೇ ನಿರಾಕರಿಸಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಸಲ್ಲಿಸಬಹುದು. ಗ್ರಾಹಕ ಆಯೋಗದ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ವಾಸವಿರುವ ಸ್ಥಳದಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ಆಸ್ಪತ್ರೆ ಬೇರೆ ಜಿಲ್ಲೆಯಲ್ಲಿದ್ದರೂ ನೀವು ಮಡಿಕೇರಿಯ ಜಿಲ್ಲಾ ಆಯೋಗಕ್ಕೇ ಬರಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಅದು ಸಲ್ಲಿಕೆಯಾಗಬೇಕು.

ಸರ್ಕಾರಿ ಆಸ್ಪತ್ರೆಯ ದಾಖಲೆ ಬೇಕಾದವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿಯೂ ಮೊದಲು ನೇರ ಮನವಿಯನ್ನೇ ಕೊಡಿ. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ. ಆದರೆ ಅರ್ಜಿ ರೋಗಿಯ ಹೆಸರಿನಲ್ಲಿರಲಿ. ಮಗನ ಹೆಸರಿನಲ್ಲಿ ತಾಯಿಯ ದಾಖಲೆ ಕೇಳಿದರೆ ಅದು ಬೇರೊಬ್ಬರ ಖಾಸಗಿ ಮಾಹಿತಿ ಎಂದು ತಿರಸ್ಕರಿಸಲು ಕಾರಣ ಸಿಕ್ಕಂತಾಗುತ್ತದೆ.

ಉತ್ತರ 3: ನಿವೃತ್ತ ವೈದ್ಯ, ದಕ್ಷಿಣ ಕೊಡಗು

ವಕೀಲರು ಹೇಳಿದ ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೊದಲ ಪತ್ರದಲ್ಲೇ ಕಾಯ್ದೆ ಕಲಮುಗಳನ್ನು ತುಂಬಬೇಡಿ ಎಂದು ವಿನಂತಿಸುತ್ತೇನೆ. ಯಾರಾದರೂ ಕೇಸ್ ಶೀಟ್ ಕೇಳಿದರೆ ಮೊಕದ್ದಮೆ ಹೂಡಲು ಹೊರಟಿದ್ದಾರೆ ಎಂಬ ಅಂಜಿಕೆ ಅನೇಕ ಆಸ್ಪತ್ರೆಗಳಲ್ಲಿದೆ, ಆ ಅಂಜಿಕೆಯಿಂದಲೇ ಫೈಲು ಅಧೀಕ್ಷಕರ ಮೇಜಿನಿಂದ ಕದಲುವುದಿಲ್ಲ. ಮೈಸೂರಿನ ವೈದ್ಯೆಯಿಂದ ಅವರ ಲೆಟರ್‌ಹೆಡ್‌ನಲ್ಲಿ, ಮುಂದಿನ ಚಿಕಿತ್ಸೆಗಾಗಿ ಇಂಥಿಂಥ ವರದಿಗಳು ಬೇಕೆಂದು ಎರಡು ಸಾಲು ಬರೆಸಿಕೊಂಡು ಮನವಿಗೆ ಲಗತ್ತಿಸಿ. ವೈದ್ಯರೊಬ್ಬರು ಇನ್ನೊಬ್ಬ ವೈದ್ಯರನ್ನು ಕೇಳಿದಾಗ ಆ ಅನುಮಾನ ಬಹುಮಟ್ಟಿಗೆ ಕರಗುತ್ತದೆ. ಮೊಹರು ಹಾಕಿಸಿಕೊಳ್ಳುವುದನ್ನು ಮಾತ್ರ ಬಿಡಬೇಡಿ.

ಊರಿನ ಕ್ಲಿನಿಕ್ಕಿನ ವಿಷಯ ಹೆಚ್ಚು ಕಷ್ಟದ್ದು. 3 ವರ್ಷದ ನಿಯಮ ಒಳರೋಗಿಗಳಿಗೆ ಸಂಬಂಧಿಸಿದ್ದು. ಹೊರರೋಗಿಗೆ ನಾವು ಬರೆದುಕೊಟ್ಟ ಚೀಟಿ ರೋಗಿಯ ಕೈಗೇ ಹೋಗುತ್ತಿತ್ತು, ಕ್ಲಿನಿಕ್ಕಿನಲ್ಲಿ ಉಳಿಯುತ್ತಿದ್ದುದು ಹೆಸರು ಮತ್ತು ಶುಲ್ಕದ ಪುಸ್ತಕ ಮಾತ್ರ. ನಿಮ್ಮ ಊರಿನ ವೈದ್ಯರು ಫೋನಿಗೆ ಸಿಗುವುದಾದರೆ ಕೇಳಿನೋಡಿ. ಇಲ್ಲವಾದರೆ ತಾಯಿಯವರು ಔಷಧ ಕೊಳ್ಳುತ್ತಿದ್ದ ಮೆಡಿಕಲ್ ಶಾಪಿನ ಬಿಲ್ಲುಗಳು, ರಕ್ತ ಪರೀಕ್ಷೆ ಮಾಡುತ್ತಿದ್ದ ಲ್ಯಾಬಿನ ಕಂಪ್ಯೂಟರ್, ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆ ಪಟ್ಟಿಗಳು, ಇವುಗಳಿಂದ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಬಹಳಷ್ಟು ಮಟ್ಟಿಗೆ ಜೋಡಿಸಬಹುದು. ಥೈರಾಯ್ಡ್‌ಗೆ ಈಗ ಹೊಸದಾಗಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದರೆ ಸದ್ಯದ ಪ್ರಮಾಣ ಸರಿಯಿದೆಯೇ ಎಂದು ತಿಳಿಯುತ್ತದೆ, ಹಳೆಯ ಚೀಟಿಗಾಗಿ ಕಾಯುತ್ತಾ ಮಾತ್ರೆ ನಿಲ್ಲಿಸಬೇಡಿ.

ನಮ್ಮ ಜಿಲ್ಲೆಯವರಿಗೆ ಈ ವಿಷಯ ಉಳಿದವರಿಗಿಂತ ಹೆಚ್ಚು ಮುಖ್ಯ ಎಂದು ನನ್ನ ನಂಬಿಕೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ಸ್ಥಿತಿ ಸುಧಾರಿಸಿದೆಯಾದರೂ, ಹೃದಯ, ನರ, ಕ್ಯಾನ್ಸರ್ ಎಂದರೆ ಇಂದಿಗೂ ಜನ ಮೈಸೂರು ಅಥವಾ ಮಂಗಳೂರಿನ ಬಸ್ಸು ಹತ್ತುತ್ತಾರೆ. ಹೀಗೆ ಒಬ್ಬರೇ ರೋಗಿಯ ಚಿಕಿತ್ಸೆ ಮೂರು ಊರುಗಳಲ್ಲಿ ಹಂಚಿಹೋಗುತ್ತದೆ. ಅದನ್ನು ಒಟ್ಟಾಗಿ ಇಟ್ಟುಕೊಳ್ಳುವವರು ಮನೆಯವರಲ್ಲದೆ ಬೇರೆ ಯಾರೂ ಇಲ್ಲ. ಅದರ ಮೇಲೆ ನಮ್ಮ ಮಳೆಗಾಲ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಒಂದರ ಮೇಲೊಂದು ಇಟ್ಟ ಎಕ್ಸ್‌ರೇ ಫಿಲ್ಮುಗಳು ಅಂಟಿಕೊಂಡು ಬಿಡಿಸುವಾಗ ಚಿತ್ರವೇ ಕಿತ್ತುಬರುತ್ತದೆ. ಇಸಿಜಿಯನ್ನು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ ಮುದ್ರಿಸುವುದರಿಂದ ತೇವವಿಲ್ಲದಿದ್ದರೂ ಕೆಲವು ವರ್ಷಗಳಲ್ಲಿ ಗೆರೆಗಳು ಮಾಸುತ್ತವೆ. ಎದೆನೋವೆಂದು ಬಂದ ಹಿರಿಯರು ಹಳೆಯ ಇಸಿಜಿ ಎಂದು ಬಿಳಿಯ ಕಾಗದ ಚಾಚಿದ್ದನ್ನು ನಾನು ಕಂಡಿದ್ದೇನೆ. ಹೊಸ ಬದಲಾವಣೆಯೋ ಹಳೆಯದೋ ಎಂದು ಹೋಲಿಸಲು ಆಗ ಏನೂ ಇರುವುದಿಲ್ಲ. ಇಸಿಜಿ ಸಿಕ್ಕಿದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರ ಬಳಿ ಇರುವಂತೆ ನೋಡಿಕೊಳ್ಳಿ.

2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಗಳ ಆಭಾ ಸಂಖ್ಯೆ (ಆರೋಗ್ಯ ಖಾತೆಯ ಸಂಖ್ಯೆ) ಮಾಡಿಸಿಕೊಂಡಿದ್ದೇವೆ, ಇನ್ನು ಕಾಗದ ಏಕೆ ಎಂದು ಕೆಲವರು ಕೇಳುತ್ತಾರೆ. ಆ ವ್ಯವಸ್ಥೆಗೆ ಜೋಡಣೆಯಾದ ಆಸ್ಪತ್ರೆ ನಿಮ್ಮ ಒಪ್ಪಿಗೆಯಿಂದ ಸೇರಿಸಿದ ದಾಖಲೆಗಳು ಮಾತ್ರ ಅದರಲ್ಲಿ ಕಾಣುತ್ತವೆ. ಹಿಂದಿನ ವರ್ಷಗಳ ಕಾಗದದ ಫೈಲು ತಾನಾಗಿ ಅದರೊಳಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರ ಮರುಪತ್ರ

ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿನ ವೈದ್ಯೆಯ ಪತ್ರ ಲಗತ್ತಿಸಿ ತಾಯಿಯ ಸಹಿಯಲ್ಲಿ ಮನವಿ ಕೊಟ್ಟೆವು. ಈ ಸಲ ಅವರು ಸ್ವೀಕೃತಿ ಕೊಟ್ಟರು, ಗಡುವಿನೊಳಗೆ ನಕಲು ಕೂಡ ಸಿಕ್ಕಿತು. ಒಂದು ಅಂಡಾಶಯವನ್ನು ಉಳಿಸಿರುವುದಾಗಿ ಆಪರೇಷನ್ ನೋಟ್‌ನಲ್ಲಿದೆ. ಆದರೆ ಬಯಾಪ್ಸಿ ವರದಿ ಫೈಲಿನಲ್ಲಿಲ್ಲ. ಮಾದರಿಯನ್ನು ಹೊರಗಿನ ಲ್ಯಾಬಿಗೆ ಕಳುಹಿಸಿದ್ದಾಗಿ ನರ್ಸ್ ಬರೆದ ಒಂದು ಸಾಲು ಮತ್ತು ಒಂದು ಸಂಖ್ಯೆ ಮಾತ್ರ ಇವೆ. ಮುಂದೇನು ಮಾಡಬೇಕು?

ಉತ್ತರ 4: ಉತ್ತರ 1 ಬರೆದವರು

ಆ ಸಂಖ್ಯೆ ಬಹುಶಃ ಮಾದರಿಯದೇ ಆಗಿರುತ್ತದೆ. ಅದು ಯಾವ ಲ್ಯಾಬ್ ಎಂದು ಆಸ್ಪತ್ರೆಯ ಲ್ಯಾಬಿನಲ್ಲಿ ವಿಚಾರಿಸಿ, ಆ ಸಂಖ್ಯೆ, ತಾಯಿಯ ಹೆಸರು ಮತ್ತು ಶಸ್ತ್ರಚಿಕಿತ್ಸೆಯ ದಿನಾಂಕ ಕೊಟ್ಟು ವರದಿಯ ಎರಡನೇ ಪ್ರತಿ ಕೇಳಿ. ಅಷ್ಟಕ್ಕೇ ನಿಲ್ಲಿಸದೆ, ಗಾಜಿನ ಸ್ಲೈಡುಗಳು ಮತ್ತು ಮೇಣದ ಬ್ಲಾಕುಗಳು ಇನ್ನೂ ಇವೆಯೇ ಎಂದೂ ಕೇಳಿ. ತೆಗೆದ ಅಂಗದ ಸಣ್ಣ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದು ವರ್ಷಗಟ್ಟಲೆ ಕೆಡುವುದಿಲ್ಲ. ವರದಿಯ ಕಾಗದ ಕಳೆದುಹೋಗಿದ್ದರೂ ಬ್ಲಾಕ್ ಸಿಕ್ಕಿದರೆ ಮೈಸೂರಿನ ರೋಗಶಾಸ್ತ್ರಜ್ಞರು ಹೊಸದಾಗಿ ಸ್ಲೈಡ್ ಮಾಡಿ ನೋಡಬಲ್ಲರು. ಬ್ಲಾಕ್ ಪಡೆಯುವಾಗ ಸಹಿ ಮಾಡಿ ತೆಗೆದುಕೊಳ್ಳಬೇಕಾಗುತ್ತದೆ, ಹಿಂದಿರುಗಿಸಬೇಕೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. ಬ್ಲಾಕುಗಳನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ.