ಅಪ್‌ಡೇಟ್: ಹೊಸ ರ‍್ಯಾಮ್ ಹಾಕಿದರೆ ಬರೀ ಬೀಪ್ ಅಂದಿದ್ದೆನಲ್ಲ, ಸರಿಹೋಯ್ತು

ಹೋದ ವಾರ ಕೇಳಿದ್ದೆ. ಎಚ್61 ಮದರ್‌ಬೋರ್ಡ್ (ಇಂಟೆಲ್ ಪ್ರೊಸೆಸರ್‌ಗೆ ಮಾಡಿದ್ದು) ಇರುವ ಹಳೆ ಡೆಸ್ಕ್‌ಟಾಪ್‌ಗೆ ಆನ್‌ಲೈನ್‌ನಲ್ಲಿ ತರಿಸಿದ 8 ಜಿಬಿ ಡಿಡಿಆರ್3 (ಹಳೆ ತಲೆಮಾರಿನ) ರ‍್ಯಾಮ್ ಹಾಕಿದರೆ ಬೀಪ್ ಶಬ್ದ, ಸ್ಕ್ರೀನ್ ಕಪ್ಪು.

ರಬ್ಬರ್‌ನಿಂದ ಉಜ್ಜಿ ನೋಡಿ ಅಂದಿರಿ. ಮಗಳ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ಕದ್ದು, ಚಿನ್ನದ ಬಣ್ಣದ ಪಿನ್‌ಗಳು ಫಳಫಳ ಅನ್ನುವವರೆಗೂ ಉಜ್ಜಿದೆ. ಉಹುಂ. ಸ್ಲಾಟ್ ಬದಲಿಸಿದೆ, ಬೋರ್ಡ್‌ನ ಸೆಟ್ಟಿಂಗ್ ಕಾಪಾಡುವ ಪುಟ್ಟ ಸಿಮಾಸ್ ಬ್ಯಾಟರಿಯನ್ನೂ ತೆಗೆದು ಮತ್ತೆ ಹಾಕಿದೆ. ಅದೂ ದಂಡ.

ಕೆಲಸಕ್ಕೆ ಬಂದಿದ್ದು 'ಮೊದಲು ಸ್ಟಿಕರ್ ಪೂರ್ತಿ ಓದಿ' ಅಂದವರ ಮಾತು. ಅಪ್ಪನ ಭೂತಗನ್ನಡಿ ಹಿಡಿದು ನೋಡಿದರೆ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಎಎಂಡಿಗೆ ಮಾತ್ರ' ಅಂತ ಇಂಗ್ಲಿಷಿನಲ್ಲಿ ಬರೆದಿದೆ! ಎಎಂಡಿ ಅಂದರೆ ಇಂಟೆಲ್‌ನ ಎದುರಾಳಿ ಪ್ರೊಸೆಸರ್ ಕಂಪನಿ; ನನ್ನದು ಇಂಟೆಲ್ ಐ3 ಪ್ರೊಸೆಸರ್. ಇಂಥ ಅಗ್ಗದ ರ‍್ಯಾಮ್‌ಗಳಲ್ಲಿ ಚಿಪ್ ಜೋಡಣೆಯೇ ಬೇರೆ, ಇಂಟೆಲ್ ಬೋರ್ಡ್‌ಗೆ ಅದು ಅರ್ಥವೇ ಆಗಲ್ಲವಂತೆ. ಡಿಡಿಆರ್3 ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆ ನಾನು.

ಅದನ್ನು ವಾಪಸ್ ಮಾಡಿ, ಹಳೆ ರ‍್ಯಾಮನ್ನೇ ಜೇಬಿಗೆ ಹಾಕಿಕೊಂಡು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್‌ಪಿ ರೋಡ್‌ಗೆ ಹೋದೆ. ಅಂಗಡಿಯಲ್ಲೇ ಇಂಟೆಲ್ ಬೋರ್ಡ್‌ಗೆ ಹಾಕಿ ತೋರಿಸಿ ಅಂದೆ, ತೋರಿಸಿದರು. ಬೆಲೆ ಸ್ವಲ್ಪ ಜಾಸ್ತಿಯೇ ಆಯ್ತು, ಇರಲಿ. ಹೊಸದರ ವೇಗ 1600, ಹಳೆಯ 4 ಜಿಬಿಯದರ ವೇಗ 1333. ಈಗ ಎರಡೂ 1333ರಲ್ಲೇ ಓಡುತ್ತಿವೆ, ತಕರಾರಿಲ್ಲ.

ಕ್ಯಾಬಿನೆಟ್ ಮುಚ್ಚಳ ಮಾತ್ರ ಇನ್ನೂ ಹಾಕಿಲ್ಲ. ದೃಷ್ಟಿ ತಾಗೀತು ಅಂತ ಭಯ.